ಆಸ್ತಿ ಮತ್ತು ಸಾಲ: ಹಾಳು ಹಂಪೆಯಲ್ಲಿ ಮಗಳು ಕೇಳಿದ ಪ್ರಶ್ನೆ

ಕಳೆದ ದಸರೆ ರಜೆಯಲ್ಲಿ ಮನೆಮಂದಿಯನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ವಿಜಯನಗರದ ಪಾಠ ಓದಿ, ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಕಲ್ಲಿನ ರಥವನ್ನು ಕಣ್ಣಾರೆ ನೋಡಲೇಬೇಕೆಂದು ಒಂದು ವರ್ಷದಿಂದ ಹಟ ಹಿಡಿದಿದ್ದಳು. ನಮ್ಮ ಮಂಡಿಕಲ್ಲಿನಿಂದ ಪೇರೇಸಂದ್ರಕ್ಕೆ ಬಂದು ಹೆದ್ದಾರಿ ಹಿಡಿದರೆ ಬಾಗೇಪಲ್ಲಿ, ಪೆನುಕೊಂಡ, ಅನಂತಪುರ, ಬಳ್ಳಾರಿ ದಾಟಿ ಹೊಸಪೇಟೆ. ಭಾವಮೈದುನನ ಕಾರು, ಅವನದೇ ಡ್ರೈವಿಂಗು. ಬುತ್ತಿಗೆ ಚಪಾತಿ, ಮೊಟ್ಟೆ. ಎರಡು ದಿನದ ಖುಷಿಗೆ ಇನ್ನೇನು ಬೇಕು?

ಮೊದಲ ದಿನ ಮಧ್ಯಾಹ್ನ ನಾವು ಲಕ್ಷ್ಮೀನರಸಿಂಹನ ವಿಗ್ರಹದ ಮುಂದೆ ನಿಂತಿದ್ದೆವು. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ, ಒಂದೇ ಬಂಡೆಯಲ್ಲಿ ಕಡೆದ, ಸುಮಾರು 22 ಅಡಿ ಎತ್ತರದ ಮೂರ್ತಿ ಅದು. ಕೈಗಳು ಮುರಿದಿವೆ. ತೊಡೆಯ ಮೇಲೆ ಕೂತಿದ್ದ ಲಕ್ಷ್ಮಿ ಇಲ್ಲ. ಆದರೆ ಅವಳು ಗಂಡನನ್ನು ಬಳಸಿ ಹಿಡಿದಿದ್ದ ಕೈ ಮಾತ್ರ ಅವನ ಬೆನ್ನಿನ ಮೇಲೆ ಹಾಗೇ ಉಳಿದಿದೆ. ಗೈಡ್ ಅದನ್ನು ನಮಗೆ ತೋರಿಸಿ, ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ದನಿಯಲ್ಲಿ, "1565ರಾಗ ಮುಸ್ಲಿಂ ಮಂದಿ ಬಂದ್ರು, ಎಲ್ಲಾ ಒಡದ್ರು ನೋಡ್ರಿ" ಎಂದ. ಹೇಳಿದ ಮೇಲೆ ಅವನ ಕಣ್ಣು ಬುರ್ಖಾ ತೊಟ್ಟಿದ್ದ ನನ್ನ ಹೆಂಡತಿಯ ಮೇಲೆ ಬಿತ್ತು. ಒಂದು ಕ್ಷಣ ತಡವರಿಸಿ, "ಅಂದ್ರ... ಸುಲ್ತಾನ್ರು ರೀ ಸರ್" ಎಂದು ತಿದ್ದಿಕೊಂಡ. ಅವನ ಮುಜುಗರ ಕಂಡು ನನಗೇ ಪಾಪ ಎನ್ನಿಸಿತು. ನಾನು ತಲೆಯಾಡಿಸಿ ಮುಂದೆ ನಡೆದೆ.

ಮಗಳು ನಡೆಯಲಿಲ್ಲ. ಆ ಕೈಯನ್ನೇ ನೋಡುತ್ತ ನಿಂತವಳು ನನ್ನ ತೋಳು ಎಳೆದು ಮೆಲ್ಲಗೆ ಕೇಳಿದಳು: "ಅಬ್ಬಾ, ಹಮಿಚ್ ತೋಡೆ ಕ್ಯಾ?" ನಾವೇ ಒಡೆದದ್ದಾ?

ನಾನು ಕತೆ ಬರೆಯುವವನು. ನನ್ನ ಪಾತ್ರಗಳ ಬಾಯಲ್ಲಿ ಎಂಥ ಕಷ್ಟದ ಪ್ರಶ್ನೆಗೂ ಉತ್ತರ ಹೇಳಿಸಬಲ್ಲೆ. ಅವತ್ತು ಮಾತ್ರ "ಆಮೇಲೆ ಹೇಳ್ತೀನಿ ಬೇಟಿ, ಬಿಸಿಲು ಜಾಸ್ತಿಯಾಯಿತು" ಎಂದು ತಪ್ಪಿಸಿಕೊಂಡೆ. ಆ 'ಆಮೇಲೆ' ಇವತ್ತಿನವರೆಗೂ ಬೆಳೆದಿದೆ. ಈ ಲೇಖನ ಅದರದೇ ಒಂದು ಕಂತು.

ಸುಲಭದ ಉತ್ತರಗಳು ನನಗೆ ಗೊತ್ತಿಲ್ಲವೆಂದಲ್ಲ. ಮೂರು ಉತ್ತರಗಳು ಆಗಲೇ ನಾಲಗೆ ತುದಿಯಲ್ಲಿದ್ದವು.

ಮೊದಲನೆಯದು, "ನಾವಲ್ಲ, ಅವರು ಯಾರೋ." ಇದು ನಿಜ. ನಮ್ಮ ವಂಶದಲ್ಲಿ ಯಾರೂ ಕುದುರೆ ಏರಿದವರಲ್ಲ. ಅಜ್ಜ ಎತ್ತಿನ ಗಾಡಿ ಹೊಡೆದವರು. ಅಬ್ಬಾ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಯಲ್ಲಿ ಕೂಲಿ ಮಾಡಿದವರು. 1565ರ ಜನವರಿ 23ರಂದು ಕೃಷ್ಣಾ ನದಿಯ ಆಚೆ ದಡದಲ್ಲಿ ರಾಮರಾಯನ ತಲೆ ಉರುಳಿದಾಗ ನಮ್ಮ ಹಿರಿಯರು ಎಲ್ಲಿ ಏನು ಮಾಡುತ್ತಿದ್ದರೋ ದೇವರೇ ಬಲ್ಲ. ಒಬ್ಬರ ಪಾಪದ ಹೊರೆ ಇನ್ನೊಬ್ಬರ ಹೆಗಲಿಗೆ ಬರುವುದಿಲ್ಲ ಎಂಬುದು ನಮ್ಮ ಧರ್ಮದ ಮೂಲ ತಿಳಿವಳಿಕೆಗಳಲ್ಲೊಂದು.

ಆದರೆ ಈ ಉತ್ತರ ಹೇಳಲು ಹೊರಟಾಗ ನನ್ನ ಶಾಲೆಯ ದಿನಗಳು ನೆನಪಾದವು. ನಾನು ಮೊದಲು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡಕ್ಕೆ ಬಂದವನು. ಉರ್ದು ಮೇಷ್ಟ್ರು ಗೋಲಗುಮ್ಮಟದ ಚಿತ್ರ ತೋರಿಸಿ 'ನಮ್ಮ ಬಿಜಾಪುರ' ಎನ್ನುತ್ತಿದ್ದರು. ಕನ್ನಡ ಮೇಷ್ಟ್ರು ಹಂಪೆಯ ಚಿತ್ರ ತೋರಿಸಿ 'ನಮ್ಮ ವಿಜಯನಗರ' ಎನ್ನುತ್ತಿದ್ದರು. ಎರಡನ್ನೂ ನಾನು ನಂಬಿದೆ, ಎರಡಕ್ಕೂ ಹೆಮ್ಮೆಪಟ್ಟೆ. ಈ ಎರಡು 'ನಮ್ಮ'ಗಳು ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ಎದುರುಬದುರಾಗಿ ನಿಂತಿದ್ದವು ಎಂಬುದು ಎಷ್ಟೋ ವರ್ಷ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಗೋಲಗುಮ್ಮಟ ಕಟ್ಟಿಸಿದ ಆದಿಲ್‌ಶಾಹಿಗಳ ಮಾತು ಬಂದಾಗ 'ನಮ್ಮವರು' ಎಂದು ಎದೆಯುಬ್ಬಿಸಿ, ಹಂಪಿ ಸುಟ್ಟ ಆದಿಲ್‌ಶಾಹಿಯ ಮಾತು ಬಂದಾಗ 'ಅವರು ಯಾರೋ' ಎನ್ನುವುದು ಯಾವ ನ್ಯಾಯ?

ಎರಡನೆಯ ಉತ್ತರ, "ಅದು ಧರ್ಮದ ಯುದ್ಧವಲ್ಲ, ರಾಜಕೀಯದ ಯುದ್ಧ." ಇದೂ ಬಹುಮಟ್ಟಿಗೆ ನಿಜ. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್‌ಗಳ ಸುಲ್ತಾನರು ಅಲ್ಲಿಯವರೆಗೆ ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದರು. ರಾಮರಾಯ ಒಮ್ಮೆ ಒಬ್ಬನ ಪಕ್ಷ, ಇನ್ನೊಮ್ಮೆ ಇನ್ನೊಬ್ಬನ ಪಕ್ಷ ವಹಿಸಿ ಆ ಜಗಳದ ಲಾಭ ಪಡೆದಿದ್ದ. ಬಿಜಾಪುರದ ಅಲಿ ಆದಿಲ್‌ಶಾಹ ವಿಜಯನಗರಕ್ಕೆ ಅತಿಥಿಯಾಗಿ ಬಂದಿದ್ದನೆಂದೂ, ಅರಮನೆಯಲ್ಲಿ ಅವನನ್ನು ಮಗನೆಂದು ಕರೆದಿದ್ದರೆಂದೂ ಇತಿಹಾಸಕಾರ ಫಿರಿಸ್ತಾ ಬರೆಯುತ್ತಾನೆ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠರಿದ್ದರು. ಮಾರನೆಯ ದಿನ ಮಗಳಿಗೆ ನಾನೇ ಹುಡುಕಿ ತೋರಿಸಿದ್ದೂ ಇದಕ್ಕೆ ಸಾಕ್ಷಿ: ಇಮ್ಮಡಿ ದೇವರಾಯನ ಸೇನೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ರಾಜಧಾನಿಯಲ್ಲೇ ಕಟ್ಟಿಸಿದ ಮಸೀದಿ. ಗುಮ್ಮಟವಿಲ್ಲ, ಮಿನಾರ್ ಇಲ್ಲ, ದೇವಸ್ಥಾನದ ಮಂಟಪದಂತೆಯೇ ಕಂಬಗಳ ಮೇಲೆ ನಿಂತಿದೆ. ತನ್ನ ದೊರೆಗೆ ಪುಣ್ಯವಾಗಲೆಂದು ಕಟ್ಟಿಸಿದೆ ಎನ್ನುವ ಕನ್ನಡ ಶಾಸನ ಅದನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ಇತ್ತ ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಹಾಗಾಗಿ ಕತೆ 'ಬಂದರು, ಒಡೆದರು' ಎಂಬ ಎರಡು ಶಬ್ದಕ್ಕಿಂತ ದೊಡ್ಡದು.

ಆದರೆ ವಿವರಣೆ ಬೇರೆ, ಸಮಾಧಾನ ಬೇರೆ. ರಾಜಕೀಯದ ಕಾರಣಕ್ಕೆ ಮುರಿದ ಕೈ ಮುರಿದ ಕೈಯೇ. ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ಸೀಸರ್ ಫ್ರೆಡರಿಕ್ ಎಂಬ ವೆನಿಸ್ ವ್ಯಾಪಾರಿ ಇಲ್ಲಿಗೆ ಬಂದಿದ್ದ. ಮನೆಗಳು ಇನ್ನೂ ನಿಂತಿವೆ, ಒಳಗೆ ಜನರಿಲ್ಲ, ಹುಲಿಯಂಥ ಕಾಡುಮೃಗಗಳು ಸೇರಿಕೊಂಡಿವೆ ಎಂಬ ಅರ್ಥದ ಮಾತು ಬರೆದಿಟ್ಟು ಹೋದ. ಆ ಮನೆಗಳಿಂದ ಓಡಿದವರಲ್ಲಿ ಅಹ್ಮದ್ ಖಾನನ ಕೇರಿಯವರೂ ಇದ್ದಿರಬೇಕು. ಓಡುವ ತಾಯಿಗೆ, ಇದು ರಾಜಕೀಯ ಕಾರಣದ ಬೆಂಕಿ ಎಂದು ಹೇಳಿದರೆ ಅವಳ ಕಂಕುಳಲ್ಲಿರುವ ಕೂಸಿಗೆ ಬಿಸಿ ಕಡಿಮೆಯಾಗುತ್ತದೆಯೇ?

ಮೂರನೆಯ ಉತ್ತರ, "ಎಲ್ಲರೂ ಒಡೆದಿದ್ದಾರೆ." ಇದಕ್ಕೂ ಪುರಾವೆ ಬೇಕಾದಷ್ಟಿದೆ. ಪಲ್ಲವರ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನು ಸೂರೆ ಮಾಡಿದ. ಚೋಳ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು ಅಲ್ಲಿನ ದ್ವಾರಪಾಲಕನ ವಿಗ್ರಹವನ್ನು ತಮಿಳುನಾಡಿಗೆ ಹೊತ್ತೊಯ್ದ. ಸ್ವತಃ ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಅಲ್ಲಿನ ಬಾಲಕೃಷ್ಣನನ್ನು ಹಂಪಿಗೆ ತಂದು ಗುಡಿ ಕಟ್ಟಿಸಿದ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದವರು ಮರಾಠಾ ಸೈನ್ಯದವರು. ಮಠಕ್ಕೆ ನೆರವು ಕಳಿಸಿ ಕಾಗದ ಬರೆದವನು ಟಿಪ್ಪು. ಇದೆಲ್ಲ ದಾಖಲೆಯಲ್ಲಿರುವ ಸಂಗತಿ. ಹೇಳಬೇಕಾದಲ್ಲಿ ಹೇಳಲೇಬೇಕು, ಅದರಲ್ಲೂ ಒಂದೇ ಸಮುದಾಯದ ಕೈಗೆ ಎಲ್ಲ ಸುತ್ತಿಗೆಗಳನ್ನೂ ಕೊಡುವವರ ಮುಂದೆ. ಆದರೆ ಮಗಳಿಗೆ ಕೊಡಬೇಕಾದ ಉತ್ತರ ಇದಲ್ಲ. 'ನೀನೂ ಒಡೆದಿದ್ದೀಯ, ನಾನೂ ಒಡೆದಿದ್ದೇನೆ, ಲೆಕ್ಕ ಚುಕ್ತಾ' ಎನ್ನುವುದು ಅಂಗಡಿಯವನ ನ್ಯಾಯ. ಎರಡು ಮುರುಕುಗಳನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಿದರೆ ತಕ್ಕಡಿ ಸಮ ನಿಲ್ಲಬಹುದು, ಮುರುಕು ಕೂಡುವುದಿಲ್ಲ.

ಹಾಗಾದರೆ ಹಾಳೂರಿನ ಮುಂದೆ ನಿಂತ ಮನುಷ್ಯ ಹೇಗೆ ನಿಲ್ಲಬೇಕು?

ಹಾಳೂರುಗಳ ಮಾತು ಬಂದಾಗ ಜಗತ್ತು ಮೊದಲು ನೆನೆಯುವುದು ರೋಮನ್ನರನ್ನು. ಅವರು ನಮಗೆ ತೀರಾ ದೂರದವರೇನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲಿನ ಕೆಲಸಕ್ಕೆ ಅಗೆಯುವಾಗ ಒಂದು ಇಡೀ ಗಂಟು ಬೆಳ್ಳಿ ನಾಣ್ಯ ಸಿಕ್ಕಿತ್ತು. ಅವರ ಪಟ್ಟಣಗಳಲ್ಲಿ ಹೆಚ್ಚು ಹೆಸರಾದದ್ದು ಇಟಲಿಯ ಪಾಂಪೆ. ಅದು ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. 1748ರಲ್ಲಿ ಅಗೆತ ಶುರುವಾದಾಗ ಬೀದಿ, ಬೇಕರಿ, ಗೋಡೆಯ ಚಿತ್ರ ಎಲ್ಲವೂ ಇದ್ದ ಹಾಗೇ ಹೊರಬಂದವು. ಪಾಂಪೆಗೆ ಹೋದ ಯಾವ ಮಗುವೂ ತಂದೆಯನ್ನು 'ನಾವೇ ಒಡೆದದ್ದಾ' ಎಂದು ಕೇಳುವುದಿಲ್ಲ. ಬೆಟ್ಟ ಒಡೆದದ್ದಕ್ಕೆ ವಾರಸುದಾರರಿಲ್ಲ. ಒಡೆದವನ ಹೆಸರನ್ನು ಹೊತ್ತು ಇವತ್ತೂ ಯಾರೋ ಬದುಕಿದ್ದರೆ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ.

ಕಾರ್ತೇಜ್ ಅಂಥ ಊರು. ಇವತ್ತಿನ ಟ್ಯುನೀಶಿಯಾದ ರಾಜಧಾನಿಯ ಪಕ್ಕದಲ್ಲೇ ಇದೆ. ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಅದನ್ನು ಸುಟ್ಟು, ಉಳಿದ ಜನರನ್ನು ಗುಲಾಮರನ್ನಾಗಿ ಮಾರಿದರು. ಆಮೇಲೆ ಅದೇ ಬೂದಿಯ ಮೇಲೆ ತಮ್ಮದೇ ಪಟ್ಟಣ ಕಟ್ಟಿದರು. ಈಗ ಪ್ರವಾಸಿಗರು ನೋಡುವ ದೊಡ್ಡ ಸ್ನಾನಗೃಹದ ಅವಶೇಷ ರೋಮನ್ನರದೇ. ಅಲ್ಲಿನ ಜನ ಇಂದು ಅರಬ್ಬೀ ಮಾತಾಡುವ ಮುಸ್ಲಿಮರು. ಆದರೂ ಅವರ ನೋಟಿನ ಮೇಲೆ ಕಾರ್ತೇಜಿನ ದಂಡನಾಯಕ ಹ್ಯಾನಿಬಾಲನ ಚಿತ್ರವಿದೆ, ಅವರ ಬಾರ್ಡೋ ಮ್ಯೂಸಿಯಮ್ಮಿನಲ್ಲಿ ರೋಮನ್ ಮೊಸಾಯಿಕ್ ಚಿತ್ರಗಳಿವೆ. ಸುಟ್ಟವರದೂ ತಮ್ಮದು, ಸುಡಿಸಿಕೊಂಡವರದೂ ತಮ್ಮದು. 1985ರಲ್ಲಿ ರೋಮಿನ ಮೇಯರ್ ಮತ್ತು ಕಾರ್ತೇಜಿನ ಮೇಯರ್ ಒಟ್ಟಿಗೆ ಕೂತು, ಎರಡು ಸಾವಿರ ವರ್ಷಗಳ ಹಿಂದಿನ ಯುದ್ಧ ಈಗ ಮುಗಿಯಿತೆಂದು ಒಪ್ಪಂದಕ್ಕೆ ಸಹಿ ಹಾಕಿದರು. ಇದನ್ನು ಮೊದಲು ಓದಿದಾಗ ನಾನು ನಕ್ಕಿದ್ದೆ. ಹಂಪಿಯಿಂದ ಬಂದ ಮೇಲೆ ನಗು ಬರಲಿಲ್ಲ. ಆ ಮೇಯರ್ ಯಾರ ಮನೆಯನ್ನೂ ಸುಟ್ಟವನಲ್ಲ. ಆದರೆ ರೋಮ್ ಎಂಬ ಹೆಸರಿನ ಗೌರವ ಪಡೆದು ಆ ಕುರ್ಚಿಯಲ್ಲಿ ಕೂತಿದ್ದ. ಗೌರವ ಪಡೆದವನು ಸಹಿಯನ್ನೂ ಹಾಕಬೇಕಾಯಿತು.

ಇಲ್ಲಿ ನನಗೆ ನಮ್ಮ ಫರಾಯಿಜ್ ನೆನಪಾಗುತ್ತದೆ. ವಾರಸಾ ಹಂಚಿಕೆಯ ಈ ಶಾಸ್ತ್ರದಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಸತ್ತವನು ಬಿಟ್ಟುಹೋದದ್ದರಲ್ಲಿ ಮೊದಲು ಕಫನ್-ದಫನ್ ಖರ್ಚು, ಆಮೇಲೆ ಅವನ ಸಾಲ, ಆಮೇಲೆ ವಸೀಯತ್ತು, ಕೊನೆಗೆ ಮಕ್ಕಳ ಪಾಲು. ಸಾಲ ತೀರದೆ ಪಾಲಿಗೆ ಕೈ ಹಾಕುವಂತಿಲ್ಲ. ಆದರೆ ಅಪ್ಪ ಬಿಟ್ಟುಹೋದ ಆಸ್ತಿಗಿಂತ ಸಾಲವೇ ಹೆಚ್ಚಿದ್ದರೆ, ಉಳಿದದ್ದನ್ನು ಮಗ ತನ್ನ ದುಡಿಮೆಯಿಂದ ಕಟ್ಟಲೇಬೇಕೆಂಬ ಕಾನೂನು ಇಲ್ಲ. ಹಿಂದೂ ಶಾಸ್ತ್ರದಲ್ಲೂ ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ನಿಯಮವಿತ್ತು. 2005ರ ತಿದ್ದುಪಡಿಯ ನಂತರದ ಸಾಲಗಳಿಗೆ ಕಾನೂನು ಅದನ್ನು ಕೈಬಿಟ್ಟಿದೆ. ಎರಡೂ ಕಡೆಯ ಹಿರಿಯರಿಗೆ ಒಂದು ಸತ್ಯ ಗೊತ್ತಿತ್ತು. ಆಸ್ತಿಯನ್ನು ಒಂದು ಕೈಯಲ್ಲಿ ತೆಗೆದುಕೊಂಡು ಸಾಲವನ್ನು ಇನ್ನೊಂದು ಕೈಯಲ್ಲಿ ತಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ಇತಿಹಾಸಕ್ಕೂ ಇದೇ ನಿಯಮ ಸಾಕು ಎಂದು ನನಗೆ ಅನ್ನಿಸುತ್ತದೆ. ಎಷ್ಟು ಆಸ್ತಿ ನನ್ನದು ಎನ್ನುತ್ತೇನೋ ಅಷ್ಟು ಸಾಲವೂ ನನ್ನದು. ಅದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ. ನಾನು ಮನೆಯಲ್ಲಿ ಆಡುವ ದಖ್ಖನಿ ಮಾತು ಬಿಜಾಪುರ, ಗೋಲ್ಕೊಂಡಗಳ ನೆರಳಲ್ಲಿ ಬೆಳೆದದ್ದು. ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ನಾನು ಹೆಮ್ಮೆಪಟ್ಟಿದ್ದೇನೆ. ಹಾಗಾದರೆ ಲಕ್ಷ್ಮಿಯ ಆ ಒಂಟಿ ಕೈಯೂ ನನ್ನ ಖಾತೆಯಲ್ಲಿದೆ. ಇದು ಅಪರಾಧವಲ್ಲ, ಹೊಣೆ. ಅಪರಾಧಕ್ಕೆ ಶಿಕ್ಷೆ ಇರುತ್ತದೆ. ಮಾಡದ ತಪ್ಪಿಗೆ ನನ್ನನ್ನಾಗಲಿ ನನ್ನ ಮಗಳನ್ನಾಗಲಿ ಯಾರೂ ಶಿಕ್ಷಿಸುವಂತಿಲ್ಲ, ತಲೆ ತಗ್ಗಿಸಿ ನಡೆ ಎನ್ನುವಂತಿಲ್ಲ. ಹೊಣೆಗೆ ಇರುವುದು ಕೆಲಸ ಮಾತ್ರ. ಸುಳ್ಳು ಹೇಳದಿರುವ ಕೆಲಸ, ಉಳಿದದ್ದನ್ನು ಕಾಯುವ ಕೆಲಸ. 'ಹಂಪೆ ನಮ್ಮದು' ಎಂದು ಘೋಷಣೆ ಕೂಗುವವರಿಗೂ ಇದೇ ಲೆಕ್ಕ. ಹಂಪೆ ಅವರದಾದರೆ ಹಂಪೆಯಲ್ಲಿದ್ದ ಅಹ್ಮದ್ ಖಾನನ ಧರ್ಮಸಾಲೆಯೂ ಅವರದೇ. ಅದರ ಕಂಬಕ್ಕೆ ಒರಗಿದ ಜಾಲಿಮುಳ್ಳನ್ನು ತೆಗೆಯುವ ಹೊಣೆಯೂ ಅವರದೇ.

ಒಡೆಯುವುದು ಸುಲ್ತಾನರ ಕಾಲಕ್ಕೇ ಮುಗಿದೂ ಇಲ್ಲ. 2019ರ ಫೆಬ್ರವರಿಯಲ್ಲಿ ಹಂಪಿಯ ವಿಷ್ಣು ದೇವಾಲಯವೊಂದರ ಆವರಣದಲ್ಲಿ ಕೆಲವು ಯುವಕರು ಕಂಬ ಉರುಳಿಸುವ ವಿಡಿಯೋ ಊರೆಲ್ಲ ಹರಿದಾಡಿತು. ಯುದ್ಧವಿಲ್ಲ, ಧರ್ಮದ್ವೇಷವಿಲ್ಲ, ಬರೀ ಮೋಜು. ನ್ಯಾಯಾಲಯ ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿತು. ಅದಕ್ಕಿಂತ ಮುಖ್ಯವಾಗಿ, ಬೀಳಿಸಿದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಕಲ್ಲಿನ ತೂಕ ಎಷ್ಟೆಂದು ಅವರಿಗೆ ಅವತ್ತು ಗೊತ್ತಾಗಿರಬೇಕು.

ಇನ್ನೊಂದು ಸಂಗತಿ ನಮ್ಮ ಗೈಡಿನಿಂದಲೇ ತಿಳಿಯಿತು. ಸಂಜೆ ಚಹಾ ಕುಡಿಯುವಾಗ ಅವನು ಮನಸ್ಸು ಬಿಚ್ಚಿದ. ಅವನು ಹುಟ್ಟಿ ಬೆಳೆದದ್ದು ವಿರೂಪಾಕ್ಷ ಬಜಾರಿನಲ್ಲಿ, ಹಳೆಯ ಕಲ್ಲುಮಂಟಪಕ್ಕೆ ಗೋಡೆ ಸೇರಿಸಿ ಮಾಡಿಕೊಂಡ ಮನೆಯಲ್ಲಿ. 2011ರ ಜುಲೈ ಕೊನೆಗೆ ಸ್ಮಾರಕ ರಕ್ಷಣೆಗಾಗಿ ಆ ಬೀದಿಯ ಮನೆ ಅಂಗಡಿಗಳನ್ನೆಲ್ಲ ಬುಲ್ಡೋಜರಿನಿಂದ ತೆರವು ಮಾಡಲಾಯಿತು. "ಸುಲ್ತಾನ್ರು ಒಡದಿದ್ದು ದಿನಾ ಹೇಳ್ತೀನ್ರಿ. ನಮ್ಮ ಮನಿ ಒಡದಿದ್ದು ಯಾರೂ ಕೇಳಂಗಿಲ್ಲ" ಎಂದ. ಈಗ ಅವನಿರುವುದು ಕಡ್ಡಿರಾಂಪುರದಲ್ಲಿ. ಅಲ್ಲಿ ವಿಜಯನಗರ ಕಾಲದ ಎರಡು ಮುಸ್ಲಿಂ ಗೋರಿಗಳಿವೆ. "ನಿಮ್ಮವರ ಗೋರಿ ಪಕ್ಕದಾಗ ಅದೇವಿ ನೋಡ್ರಿ ಈಗ" ಎಂದು ನಕ್ಕ. ಹಂಪಿಯ ಕಲ್ಲುಗಳನ್ನು ಕಾಯಲೇಬೇಕು, ಸಂಶಯವಿಲ್ಲ. ಆದರೆ ಸತ್ತ ಊರನ್ನು ಕಾಯಲು ಬದುಕಿದ್ದ ಬೀದಿಯೊಂದನ್ನು ಹಾಳು ಮಾಡಿದ್ದೂ ಮುಂದೊಂದು ದಿನ ಯಾರದೋ ಖಾತೆಗೆ ಬರುತ್ತದೆ.

ಕುರ್‌ಆನ್ ಮತ್ತೆ ಮತ್ತೆ ಮನುಷ್ಯನಿಗೆ ಭೂಮಿಯ ಮೇಲೆ ತಿರುಗಾಡಿ ಹಿಂದಿನವರ ಗತಿ ಏನಾಯಿತೆಂದು ನೋಡಲು ಹೇಳುತ್ತದೆ. ರೋಮನ್ನರ ಹೆಸರಿನದೇ ಆದ 'ಅರ್‍ರೂಮ್' ಅಧ್ಯಾಯದಲ್ಲೂ ಆ ಮಾತು ಬರುತ್ತದೆ. ನಮ್ಮಲ್ಲಿ ಕೆಲವರು ಇದನ್ನು 'ಅವರಿಗೆ ತಕ್ಕ ಶಾಸ್ತಿಯಾಯಿತು' ಎಂದು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕ್ರಿ.ಶ. 630ರಲ್ಲಿ, ರೋಮನ್ನರ ಗಡಿಯ ಕಡೆಗೆ ತಬೂಕ್ ಯಾತ್ರೆ ಹೊರಟಾಗ, ಪ್ರವಾದಿ ಮುಹಮ್ಮದ್(ಸ) ಅವರ ದಂಡು ಅಲ್-ಹಿಜ್ರ್ ಎಂಬ ಹಾಳೂರಿನ ಪಕ್ಕ ಹಾದುಹೋಯಿತು. ಬಂಡೆ ಕೊರೆದ ಮನೆಗಳ ಊರು. ಒಳಗೆ ಹೋಗುವುದಾದರೆ ಅಳುತ್ತ ಹೋಗಿ, ಇಲ್ಲವಾದರೆ ಹೋಗಲೇಬೇಡಿ ಎಂಬ ಅರ್ಥದ ಎಚ್ಚರಿಕೆಯನ್ನು ಅವರು ಸಂಗಾತಿಗಳಿಗೆ ಕೊಟ್ಟರೆಂದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಅಳುವವನು ಗಹಗಹಿಸಲಾರ. ಬೇರೆಯವರ ಹಾಳೂರು ನನ್ನ ಗೆಲುವಿನ ಪದಕವಲ್ಲ, ನಾಳೆ ನನ್ನ ಊರಿಗೂ ಬರಬಹುದಾದ ಗತಿ. 'ಒಳಗೆ ಹೋಗುವಾಗ ಅಳು' ಎಂಬುದಕ್ಕಿಂತ ಒಳ್ಳೆಯ ಪ್ರವಾಸಿ ನಿಯಮ ಯಾವ ಇಲಾಖೆಯ ಬೋರ್ಡಿನಲ್ಲೂ ನಾನು ಕಂಡಿಲ್ಲ.

ಈ ನಿಯಮ ಮರೆತವರು 2015ರಲ್ಲಿ ಸಿರಿಯಾದ ಪಾಲ್ಮೈರಾಕ್ಕೆ ನುಗ್ಗಿದರು. ಅರಬ್ಬರು ತದ್ಮುರ್ ಎನ್ನುವ, ರೋಮನ್ ಕಾಲದ ಆ ಕಂಬಸಾಲುಗಳ ಊರನ್ನು ಐಸಿಸ್‌ನವರು ಇಸ್ಲಾಮಿನ ಹೆಸರು ಹೇಳಿಕೊಂಡೇ ಸಿಡಿಮದ್ದಿಟ್ಟು ಉಡಾಯಿಸಿದರು. ಅದಕ್ಕೆ ಮೊದಲು, ಆಗಸ್ಟ್ ತಿಂಗಳಲ್ಲಿ, ಖಾಲಿದ್ ಅಲ್-ಅಸದ್ ಎಂಬ ಎಂಬತ್ತು ದಾಟಿದ ಪುರಾತತ್ವಜ್ಞನ ತಲೆ ಕಡಿದರು. 1963ರಿಂದ 2003ರವರೆಗೆ ನಲವತ್ತು ವರ್ಷ ಆ ಹಾಳೂರನ್ನು ಕಾಯ್ದವನು ಅವನು. ರೋಮನ್ನರ ವಿರುದ್ಧ ಬಂಡೆದ್ದ ಪಾಲ್ಮೈರಾದ ರಾಣಿ ಜೆನೋಬಿಯಾಳ ಹೆಸರನ್ನು ತನ್ನ ಒಬ್ಬ ಮಗಳಿಗೆ ಇಟ್ಟಿದ್ದ. ಬಚ್ಚಿಟ್ಟ ಪುರಾತನ ವಸ್ತುಗಳು ಎಲ್ಲಿವೆ ಎಂದು ಹೇಳದೆ ಪ್ರಾಣ ಬಿಟ್ಟ ಎಂದು ಆಗಿನ ವರದಿಗಳು ತಿಳಿಸಿದವು. ಒಡೆದವರೂ ಮುಸ್ಲಿಮರೇ, ಕಾಯ್ದವನೂ ಮುಸ್ಲಿಮನೇ. ಮಗಳು 'ನಾವೇ ಒಡೆದದ್ದಾ' ಎಂದು ಕೇಳಿದಾಗ ಆ 'ನಾವು' ಎಂಬುದರಲ್ಲಿ ಯಾರಿದ್ದಾರೆ ಎಂಬುದನ್ನು ಅರ್ಧದಷ್ಟಾದರೂ ನಾವೇ ಆರಿಸಿಕೊಳ್ಳುತ್ತೇವೆ ಎಂದು ನನಗೆ ಹೊಳೆದದ್ದು ಈ ಮುದುಕನನ್ನು ನೆನೆದಾಗ.

ಹಿಂದಿರುಗುವಾಗ ಪೆನುಕೊಂಡದಲ್ಲಿ ಇಳಿದೆವು. ನಮ್ಮ ಕಡೆಯ ಮುಸ್ಲಿಮರಿಗೆ ಪೆನುಕೊಂಡವೆಂದರೆ ಬಾಬಯ್ಯನ ದರ್ಗಾ. ಚಿಕ್ಕಂದಿನಲ್ಲಿ ಅಮ್ಮಿಯ ಸೆರಗು ಹಿಡಿದು ಉರುಸಿಗೆ ಬಂದವನು ನಾನು. ನಮ್ಮೂರ ಒಕ್ಕಲು ಮನೆಗಳವರೂ ಹರಕೆ ಹೊತ್ತು ಬರುತ್ತಿದ್ದರು. ಹಂಪಿ ಬಿದ್ದ ಮೇಲೆ ರಾಮರಾಯನ ತಮ್ಮ ತಿರುಮಲ ರಾಜಧಾನಿಯನ್ನು ತಂದಿಟ್ಟದ್ದು ಇದೇ ಪೆನುಕೊಂಡಕ್ಕೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಸೋತ ದೊರೆ ಬಂದು ಉಸಿರು ತೆಗೆದುಕೊಂಡ ಊರೂ, ನನ್ನ ತಾಯಿ ನನ್ನ ಜ್ವರ ಬಿಡಲೆಂದು ಫಾತಿಹಾ ಓದಿಸಿದ ಊರೂ ಒಂದೇ. ದರ್ಗಾದ ಅಂಗಳದಲ್ಲಿ ಕೂತು ಮಗಳಿಗೆ ಆಸ್ತಿ-ಸಾಲದ ಮಾತನ್ನು ನನಗೆ ತಿಳಿದಂತೆ ಹೇಳಿದೆ. ಅವಳು ಎಲ್ಲ ಕೇಳಿ, "ಹಾಗಾದ್ರೆ ಸಾಲ ಹೇಗೆ ತೀರಿಸೋದು ಅಬ್ಬಾ? ಅದು ಹಂಪೀಲಿದೆ, ನಾವು ಮಂಡಿಕಲ್ಲಲ್ಲಿ" ಎಂದಳು.

ಉತ್ತರವನ್ನು ಅವಳೇ ಮನೆಯ ಹಿತ್ತಲಲ್ಲಿ ಹುಡುಕಿದಳು.

ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ವೀರಗಲ್ಲುಗಳನ್ನು ನೋಡಿದ್ದಳಲ್ಲ, ನಮ್ಮ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲೂ ಅಂಥದೇ ಗೆರೆಗಳಿವೆ ಎಂದು ಹಟ ಹಿಡಿದಳು. ನಾನು ಹುಟ್ಟಿದಾಗಿನಿಂದ ಆ ಕಲ್ಲು ಬಾವಿಯ ಪಕ್ಕ ಇದೆ. ನನ್ನ ತೊಟ್ಟಿಲ ಬಟ್ಟೆಯಿಂದ ಹಿಡಿದು ಮಗಳ ಯೂನಿಫಾರಮ್ಮಿನವರೆಗೆ ಅದರ ಮೇಲೇ ಒಗೆದದ್ದು. ಹಾರೆ ಹಾಕಿ ಮೂವರು ಸೇರಿ ಮಗುಚಿದೆವು. ಕೆಳಗಡೆ, ಮಣ್ಣು ಮೆತ್ತಿಕೊಂಡು, ಕತ್ತಿ ಎತ್ತಿದ ಒಬ್ಬ ವೀರ. ಅವನ ಮೇಲಿನ ಸಾಲಿನಲ್ಲಿ ಅವನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುವ ಅಪ್ಸರೆಯರು. ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಬೋರಲು ಮಲಗಿದ್ದರಿಂದಲೇ ಅವನ ಮೂಗು ಸವೆದಿರಲಿಲ್ಲ. ಊರನ್ನೋ ದನವನ್ನೋ ಕಾಯಲು ಹೋಗಿ ಸತ್ತ ಯಾರೋ ಒಬ್ಬ ಮನುಷ್ಯನ ಎದೆಯ ಹಿಂದೆ ನಾವು ಮೂರು ತಲೆಮಾರು ಬಟ್ಟೆ ಕುಕ್ಕಿದ್ದೆವು.

ಅಮ್ಮಿಯನ್ನು ಕೇಳಿದೆ. "ನಿನ್ನ ದಾದಾ ಮನೆ ಕಟ್ಟುವಾಗ ಕೆರೆಕಟ್ಟೆ ಹತ್ತಿರ ಬಿದ್ದುಹೋಗಿದ್ದ ಮಂಟಪದಿಂದ ಗಾಡೀಲಿ ತಂದದ್ದು. ಹೊಲದವರೇ ಒಯ್ಯಿ ಅಂದಿದ್ದರಂತೆ" ಎಂದರು. ಮಗಳು ನನ್ನ ಮುಖ ನೋಡಿದಳು. ಮಾತು ಬೇಕಿರಲಿಲ್ಲ. ಹಂಪಿಯ ನರಸಿಂಹನನ್ನು ನಮ್ಮ ದಾದಾ ಒಡೆದಿರಲಿಲ್ಲ. ಆದರೆ ಇದು ನಮ್ಮದೇ ಕೈ.

ಪಕ್ಕದ ಮನೆಯ ತಾತ ಸದ್ದು ಕೇಳಿ ಬೇಲಿಯಾಚೆಯಿಂದ ಇಣುಕಿದರು. ನಾನು ಹಿಂಜರಿಯುತ್ತಲೇ ತೋರಿಸಿದೆ. ಕಾಲ ಹೇಗಿದೆ ಗೊತ್ತಲ್ಲ. 'ಸಾಬರು ದೇವರ ಕಲ್ಲಿನ ಮೇಲೆ ಬಟ್ಟೆ ಒಗೆದರಂತೆ' ಎಂಬ ಸುದ್ದಿ ಹಬ್ಬಲು ಒಂದು ಫೋನು ಸಾಕು. ತಾತ ಕಣ್ಣು ಕಿರಿದು ಮಾಡಿ ನೋಡಿ ಹೇಳಿದರು: "ಅಯ್ಯೋ ಬಿಡು ಸಾಬಿ. ನಮ್ಮ ಕೊಟ್ಟಿಗೇಲೂ ಇಂಥದ್ದೊಂದೈತೆ. ಹಸಾ ಕಟ್ಟಾಕ್ತೀವಿ."

ಇಲ್ಲಿ ನಾನು ಎಚ್ಚರವಾಗಿರಬೇಕು. 'ಎಲ್ಲರೂ ಒಡೆದಿದ್ದಾರೆ' ಎಂದು ತಕ್ಕಡಿ ಸಮ ಮಾಡಿಕೊಳ್ಳುವುದು ತಪ್ಪೆಂದು ಮೇಲೆ ನಾನೇ ಬರೆದಿದ್ದೇನೆ. ತಾತನ ಮಾತು ಕೇಳಿ ನನಗೆ ಹಗುರವಾದದ್ದು ನಿಜ. ಅಷ್ಟಕ್ಕೇ ನಿಂತಿದ್ದರೆ ನಾವಿಬ್ಬರೂ ಸೇರಿ ಸಾಲ ಮುಳುಗಿಸಿದ ಹಾಗೆ ಆಗುತ್ತಿತ್ತು. ತಾತನೇ ಮುಂದುವರಿಸಿ, "ನಿಂದು ಎತ್ತಿದ್ರೆ ನಂದೂ ಎತ್ತಾನ" ಎಂದರು. ಆದ್ದರಿಂದ ಅದು ಲೆಕ್ಕ ಚುಕ್ತಾ ಆಗದೆ ಲೆಕ್ಕದ ಶುರುವಾಯಿತು. ಒಂದು ಭಾನುವಾರ ಟ್ರ್ಯಾಕ್ಟರ್ ತರಿಸಿ, ಎರಡೂ ಕಲ್ಲುಗಳನ್ನು ತೊಳೆದು, ಕೆರೆಕಟ್ಟೆಯ ಅರಳಿಮರದ ಬುಡದಲ್ಲಿ ನಿಲ್ಲಿಸಿದೆವು. ಹಳೆಯ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ಒಂದು ಸಂಪುಟವಾಗಿ ಪ್ರಕಟಿಸಿದ್ದಾರೆ. ನಮ್ಮ ಕಲ್ಲಿನಲ್ಲಿ ಅಕ್ಷರವಿಲ್ಲದ್ದರಿಂದ ಆ ವೀರನ ಹೆಸರು ಯಾವ ಸಂಪುಟದಲ್ಲೂ ಸಿಗುವುದಿಲ್ಲ. ಮಗಳು ಅದನ್ನು ಅಳೆದು, ಚಿತ್ರ ಬರೆದು, ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದಾಳೆ.

ಮಾರನೆಯ ದಿನ ಯಾರೋ ಎರಡೂ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು. ಶುಕ್ರವಾರ ಮಸೀದಿಯ ಬಾಗಿಲಲ್ಲಿ ಜಮಾಅತ್ತಿನ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಏನಪ್ಪಾ, ಬುತ್ ನಿಲ್ಲಿಸಿದೆಯಂತೆ?" ಎಂದರು. ಕೋಪವಿರಲಿಲ್ಲ, ಕಳವಳವಿತ್ತು. ನಾನು, "ಇಲ್ಲ ಚಾಚಾ. ದಾದಾ ತಂದಿಟ್ಟುಕೊಂಡಿದ್ದ ಅಮಾನತ್ತು ನಮ್ಮ ಹತ್ತಿರ ಉಳಿದಿತ್ತು. ವಾಪಸು ಕೊಟ್ಟೆ. ಪಡೆದವರು ಅದನ್ನು ಏನು ಮಾಡಿಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟದ್ದು" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಅಮಾನತ್ತಾದರೆ ಕೊಡಬೇಕಾದದ್ದೇ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಒಪ್ಪಿದರೋ, ಮಾತು ಬೆಳೆಸುವುದು ಬೇಡವೆಂದುಕೊಂಡರೋ ತಿಳಿಯಲಿಲ್ಲ.

ಹಿತ್ತಲಲ್ಲಿ ಈಗ ಸಿಮೆಂಟಿನ ಒಗೆಯುವ ಕಲ್ಲು ಹಾಕಿಸಿದ್ದೇವೆ. ಅಮ್ಮಿಗೆ ಅದು ಒಗ್ಗಿಲ್ಲ, ಬಟ್ಟೆ ಸರಿಯಾಗಿ ಕೊಳೆ ಬಿಡುವುದಿಲ್ಲ ಎಂದು ಗೊಣಗುತ್ತಾರೆ. ಮೊನ್ನೆ ಒಗೆದ ಬಟ್ಟೆ ಹರವುತ್ತಿದ್ದ ಮಗಳು ಇದ್ದಕ್ಕಿದ್ದಂತೆ, "ಅಬ್ಬಾ, ಇದನ್ನೇನೋ ವಾಪಸು ಕೊಟ್ಟಿವಿ. ಆ ನರಸಿಂಹನ ತೊಡೆ ಮೇಲಿದ್ದ ಲಕ್ಷ್ಮಿ?" ಎಂದಳು.

ಅದನ್ನು ಯಾರೂ ವಾಪಸು ಕೊಡಲಾರರು ಎಂದೆ. ಕೆಲವು ಸಾಲಗಳು ತೀರುವುದಿಲ್ಲ ಎಂದೆ. ತೀರದ ಸಾಲವನ್ನು ಮರೆಯದಿರುವುದಷ್ಟೇ ನಮ್ಮ ಕೈಲಿದೆ ಎಂದೂ ಸೇರಿಸಿದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ಕ್ಲಿಪ್ಪು ಸಿಕ್ಕಿಸುತ್ತ, "ಮುಂದಿನ ರಜೆಗೆ ಇನ್ನೊಂದ್ಸಲ ಹೋಗೋಣ" ಎಂದಳಷ್ಟೆ.